ಗುಲ್ಮರ್ಗ್‌ಗೆ ಮನೆಮಂದಿ ಎಲ್ಲ ಹೊರಟ್ರೆ: ಅಜ್ಜಿ, ಮಕ್ಕಳು, ಸ್ಕೀ ಮತ್ತೆ ಆ ಚಳಿ

ಮೊದಲೇ ಹೇಳ್ಬಿಡ್ತೀನಿ, ಶ್ರೀನಗರದಲ್ಲಿ ರೂಮ್ ಮಾಡ್ಕೊಂಡು ಬೆಳಗ್ಗೆ ಗುಲ್ಮರ್ಗ್‌ಗೆ ಹೋಗಿ ಸಾಯಂಕಾಲ ವಾಪಸ್ ಬರೋ ಪ್ಯಾಕೇಜ್ ಯಾರಾದ್ರೂ ತೋರಿಸಿದ್ರೆ ಬೇಡ ಅನ್ನಿ. ನಾವು ಮೊದಲ್ನೇ ಸಲ ಹಾಗೇ ಮಾಡಿ ಕೆಟ್ವಿ. ದೂರ ಬರೀ 50 ಕಿಲೋಮೀಟರ್, ಆದ್ರೆ ಸ್ನೋ ಬಿದ್ದ ದಿನ ಅದು ಎಷ್ಟು ಹೊತ್ತು ತಗೊಳತ್ತೆ ಅಂತ ದೇವರಿಗೇ ಗೊತ್ತು, ಮಧ್ಯದಲ್ಲಿ ಟಂಗ್‌ಮರ್ಗ್‌ನಲ್ಲಿ ಗಾಡಿ ಬದಲಾಯಿಸಿ, ಬೂಟು ಕೋಟು ಬಾಡಿಗೆಗೆ ತಗೊಂಡು, ಮೇಲೆ ಹೋಗಿ ಗೊಂಡೋಲಾ, ಅಂದ್ರೆ ಕೇಬಲ್ ಕಾರ್ ಕ್ಯೂನಲ್ಲಿ ನಿಂತು, ಮಕ್ಕಳು ಆಗಷ್ಟೇ ಹಿಮದಲ್ಲಿ ಕೈ ಇಟ್ಟಿದ್ರು ಅನ್ನೋ ಹೊತ್ತಿಗೆ ಡ್ರೈವರ್ ಫೋನ್ ಮಾಡಿ ಕತ್ತಲಾಗತ್ತೆ ಬನ್ನಿ ಅಂತಾನೆ. ಎರಡ್ನೇ ಸಲ ಅತ್ತೆ, ಹನ್ನೊಂದು ವರ್ಷದ ಮಗ, ಆರು ವರ್ಷದ ಮಗಳು ಎಲ್ಲರನ್ನೂ ಕಟ್ಕೊಂಡು ಹೋದಾಗ ಮೇಲೇ ಮೂರು ರಾತ್ರಿ ಉಳಿದ್ವಿ, ಈಗ ಬರೀತಿರೋದೆಲ್ಲ ಆ ಸಲ ಕಲ್ತಿದ್ದು.

ಯಾವಾಗ ಹೋಗೋದು ಅನ್ನೋದೇ ದೊಡ್ಡ ತಲೆನೋವು. ನಮ್ಮಲ್ಲಿ ಸುಮಾರು ಪ್ರೈವೇಟ್ ಸ್ಕೂಲ್‌ಗಳಿಗೆ ಕ್ರಿಸ್‌ಮಸ್ ರಜ ಇರತ್ತೆ, ಎಲ್ಲರೂ ಆವಾಗ್ಲೇ ಹೊರಡ್ತಾರೆ, ರೇಟೂ ಆವಾಗ್ಲೇ ಆಕಾಶಕ್ಕೆ ಹೋಗತ್ತೆ. ಆದ್ರೆ ಡಿಸೆಂಬರ್ ಕೊನೇಲಿ ಹಿಮ ಇರತ್ತೆ ಅಂತ ಯಾರೂ ಬರ್ಕೊಡಲ್ಲ. 2024ರ ಜನವರಿಲಿ ಗುಲ್ಮರ್ಗ್ ಬೋಳು ಹುಲ್ಲುಗಾವಲಾಗಿತ್ತು, ಅರ್ಧ ಜನವರಿ ಕಳೆದ್ರೂ ಸ್ನೋ ಇರ್ಲಿಲ್ಲ, ಹೋದವರೆಲ್ಲ ಕಂದು ಬಣ್ಣದ ಸ್ಲೋಪ್ ಫೋಟೋ ಹಾಕಿದ್ರು. 2025ರಲ್ಲಿ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನ ಗುಲ್ಮರ್ಗ್ ಸ್ಪರ್ಧೆಗಳನ್ನೇ ಫೆಬ್ರವರಿಲಿ ಸ್ನೋ ಸಾಲ್ದು ಅಂತ ಮಾರ್ಚ್‌ಗೆ ಮುಂದೂಡಿದ್ರು. ಕಾಶ್ಮೀರದವರ ಲೆಕ್ಕದಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಅತಿ ಕೊರೆಯೋ ಚಳಿ, ಆಮೇಲೆ 20 ದಿನ ಚಿಲ್ಲೈ ಖುರ್ದ್, ಆಮೇಲೆ 10 ದಿನ ಚಿಲ್ಲೈ ಬಚ್ಚಾ, ಅಂದ್ರೆ ಚಳಿಯ ಮರಿ. ನನ್ನ ಕೇಳಿದ್ರೆ ಫೆಬ್ರವರಿ ಮೊದಲ ಎರಡು ವಾರ ಬೆಸ್ಟ್: ಹಿಮ ಕೂತಿರತ್ತೆ, ಚಳಿ ಒಂಚೂರು ಇಳಿದಿರತ್ತೆ. ಸ್ಕೂಲಿಗೆ ನಾಲ್ಕು ದಿನ ಚಕ್ಕರ್ ಹೊಡೀಬೇಕಾಗತ್ತೆ, ಹೊಡೀರಿ, ಆರನೇ ಕ್ಲಾಸಲ್ಲಿ ಏನ್ ಮುಳುಗಿ ಹೋಗಲ್ಲ. ಹತ್ತನೇ ಕ್ಲಾಸ್, ಪಿಯುಸಿ ಮಕ್ಕಳಿದ್ರೆ ಈ ವರ್ಷ ಬಿಟ್ಬಿಡಿ. ಜನವರಿ 26ರ ಆಸುಪಾಸು ಮಾತ್ರ ಬೇಡ, ಸೆಕ್ಯುರಿಟಿ ಬಿಗಿ ಇರತ್ತೆ, ದಾರಿಯುದ್ದಕ್ಕೂ ಚೆಕಿಂಗ್. ಇನ್ನು 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ನಡೆದ ಉಗ್ರರ ದಾಳಿ ಎಲ್ಲರಿಗೂ ಗೊತ್ತು, ಹಾಗಾಗಿ ಬುಕ್ ಮಾಡೋ ಮುಂಚೆ, ಹೊರಡೋ ವಾರ ಎರಡೂ ಸಲ ನ್ಯೂಸ್ ನೋಡ್ಕೊಳ್ಳಿ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ಹೋಟೆಲ್‌ನೇ ತಗೊಳ್ಳಿ.

ಬೆಂಗಳೂರಿಂದ ಶ್ರೀನಗರಕ್ಕೆ ನೇರ ಫ್ಲೈಟ್ ಇದ್ದಾಗ ಮೂರೂವರೆ ಗಂಟೆ ಚಿಲ್ಲರೆ. ದೆಹಲಿ ಮೇಲೆ ಹೋಗೋದಾದ್ರೆ ಚಳಿಗಾಲದ ಬೆಳಗಿನ ಮಂಜು ನೆನಪಿರ್ಲಿ, ಅಲ್ಲಿ ಫ್ಲೈಟ್ ಲೇಟಾಗಿ ಶ್ರೀನಗರದ ಕನೆಕ್ಷನ್ ತಪ್ಪಿದ್ರೆ ಮನೆಮಂದಿ ಎಲ್ಲ ಏರ್‌ಪೋರ್ಟ್ ಕುರ್ಚಿ ಮೇಲೆ ಮಲಗ್ಬೇಕಾಗತ್ತೆ. ಶ್ರೀನಗರದಲ್ಲೂ ಸ್ನೋ ಬಿದ್ರೆ ಫ್ಲೈಟ್ ನಿಲ್ಲತ್ತೆ. ಅದಕ್ಕೇ ವಾಪಸ್ ಬರೋ ದಿನಕ್ಕೆ ಮುಂಚೆ ಒಂದು ರಾತ್ರಿ ಶ್ರೀನಗರದಲ್ಲೇ ಖಾಲಿ ಇಟ್ಕೊಳ್ಳಿ, ಸೋಮವಾರ ಆಫೀಸ್ ಇದೆ ಅಂತ ಭಾನುವಾರದ ಕೊನೇ ಫ್ಲೈಟ್ ಹಾಕ್ಕೊಬೇಡಿ. ಈಗ ಇನ್ನೊಂದು ದಾರಿನೂ ಇದೆ, 2025ರ ಜೂನ್‌ನಿಂದ ಕಟ್ರಾ ಶ್ರೀನಗರ ವಂದೇ ಭಾರತ್ ಓಡ್ತಿದೆ, ಚೆನಾಬ್ ಸೇತುವೆ ಮೇಲೇ ಹೋಗತ್ತೆ, ಆಕಾಶದ ದಾರಿ ಕೈಕೊಟ್ರೆ ಟಿಕೆಟ್ ಇದೆಯಾ ಅಂತ ಅದನ್ನೂ ನೋಡಿ.

ಇಳಿದ ತಕ್ಷಣ ಶಾಕ್ ಕೊಡೋದು ಫೋನು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಮನೇಲಿ ಇಬ್ಬರಿಗಾದ್ರೂ ಪೋಸ್ಟ್‌ಪೇಯ್ಡ್ ಇರ್ಲಿ, ಒಬ್ಬರು ಅಜ್ಜಿ ಜೊತೆ, ಒಬ್ಬರು ಮಕ್ಕಳ ಜೊತೆ. ಹೋಟೆಲ್ ಬುಕಿಂಗು, ಗೊಂಡೋಲಾ ಟಿಕೆಟ್ಟು, ಆಧಾರ್ ಎಲ್ಲದರ ಪ್ರಿಂಟ್ ತಗೊಂಡು ಹೋಗಿ. ಕ್ಯಾಷ್ ಕೂಡ, ನೆಟ್‌ವರ್ಕ್ ಕೈಕೊಟ್ಟಾಗ ಯುಪಿಐ ನಂಬ್ಕೊಂಡು ಹಿಮದ ಮೇಲೆ ಎಳೆಯೋ ಸ್ಲೆಡ್ಜ್ ಗಾಡಿಯವನ ಮುಂದೆ ಫೋನ್ ಆಡಿಸ್ತಾ ನಿಲ್ಲೋದು ಚೆನ್ನಾಗಿರಲ್ಲ.

ಹೋಟೆಲ್ ಹುಡುಕೋವಾಗ ಕಿಟಕಿಯಿಂದ ವ್ಯೂ ಹೇಗಿದೆ ಅಂತ ಆಮೇಲೆ ನೋಡಿ, ಮೊದಲು ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ರೂಮ್ ಬಿಸಿ ಮಾಡೋದು ಹೇಗೆ, ಸೆಂಟ್ರಲ್ ಹೀಟಿಂಗಾ, ಕಟ್ಟಿಗೆ ಹಾಕೋ ಬುಖಾರಿನಾ, ಬರೀ ಎಲೆಕ್ಟ್ರಿಕ್ ಬ್ಲ್ಯಾಂಕೆಟ್ಟಾ? ಕರೆಂಟ್ ಹೋದ್ರೆ ರಾತ್ರಿಯಿಡೀ ಜನರೇಟರ್ ಇರತ್ತಾ, ಇಲ್ಲ ಹತ್ತು ಗಂಟೆಗೆ ಆಫ್ ಮಾಡ್ತಾರಾ? ಬಿಸಿನೀರು ಯಾವ ಹೊತ್ತಿಗೆ? ಸ್ನೋ ಜಾಸ್ತಿಯಾಗಿ ಗಾಡಿ ಬಾಗಿಲ ತನಕ ಬರದಿದ್ರೆ ಲಗೇಜು, ವಯಸ್ಸಾದವರು ಒಳಗೆ ಬರೋದು ಹೇಗೆ? ನಾವು ಹೋದ ದಿನ ರಸ್ತೆಯಿಂದ ಹೋಟೆಲ್‌ಗೆ ಇನ್ನೂರು ಮೀಟರ್, ಮೊಣಕಾಲುದ್ದ ಹಿಮ, ಲಗೇಜ್ ಸ್ಲೆಡ್ಜ್ ಮೇಲೆ ಹೋಯ್ತು, ಮಗಳು ಲಗೇಜ್ ಮೇಲೆ ಕೂತ್ಕೊಂಡು ಹೋದ್ಲು. ರಾತ್ರಿ ಮೈನಸ್ ಹತ್ತರ ಹತ್ರ ಹೋಗೋ ಜಾಗ ಇದು, ಪೈಪಲ್ಲೇ ನೀರು ಗಟ್ಟಿಯಾಗತ್ತೆ, ಮಲಗೋ ಮುಂಚೆ ಒಂದು ಬಕೆಟ್ ತುಂಬಿಸಿ ಒಳಗೆ ಇಟ್ಕೊಳ್ಳಿ.

ಬಟ್ಟೆ ವಿಷಯಕ್ಕೆ ಬರೋಣ, ಎಲ್ಲರೂ ತಪ್ಪು ಮಾಡೋದು ಇಲ್ಲೇ. ದಪ್ಪ ಸ್ವೆಟರ್ ಒಂದು ಹಾಕ್ಕೊಂಡ್ರೆ ಆಯ್ತು ಅಂದ್ಕೊಳ್ತೀವಿ, ಊಹೂಂ. ಮೈಗಂಟಿ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ, ಅದರ ಮೇಲೆ ನೀರು ಗಾಳಿ ಒಳಗೆ ಬಿಡದ ಜ್ಯಾಕೆಟ್. ಕಾಟನ್ ಬನಿಯನ್, ಜೀನ್ಸ್ ಎರಡೂ ಬೇಡ, ಒಂದು ಸಲ ಒದ್ದೆಯಾದ್ರೆ ಒಣಗೋದೇ ಇಲ್ಲ, ಮೈಗೆ ಐಸ್ ಕಟ್ಟಿದ ಹಾಗಿರತ್ತೆ. ಮಕ್ಕಳಿಗೆ ಗ್ಲೌಸ್ ಎರಡೆರಡು ಜೊತೆ, ಉಣ್ಣೆಯದ್ದಲ್ಲ, ವಾಟರ್‌ಪ್ರೂಫ್ ಇರೋದು, ಯಾಕಂದ್ರೆ ಮೊದಲ ಐದು ನಿಮಿಷಕ್ಕೇ ಸ್ನೋ ಉಂಡೆ ಮಾಡಿ ಒದ್ದೆ ಮಾಡ್ಕೊಳ್ತಾರೆ. ಎಲ್ಲ ಹೊಸದಾಗಿ ಕೊಳ್ಳೋಕೆ ಹೋಗ್ಬೇಡಿ, ಮಕ್ಕಳಿಗೆ ಮುಂದಿನ ವರ್ಷ ಆಗೋದೂ ಇಲ್ಲ, ಅಮೆರಿಕದಿಂದ ಬಂದ ಕಸಿನ್ ಮನೆಯ ಅಟ್ಟದಲ್ಲಿ ಒಂದು ಸೂಟ್‌ಕೇಸ್ ತುಂಬ ವಿಂಟರ್ ಬಟ್ಟೆ ಇದ್ದೇ ಇರತ್ತೆ, ಕೇಳಿ ನೋಡಿ. ದೊಡ್ಡ ಕೋಟು, ಗಮ್‌ಬೂಟು ಟಂಗ್‌ಮರ್ಗ್‌ನಲ್ಲಿ ಬಾಡಿಗೆಗೆ ಸಿಗತ್ತೆ, ಆದ್ರೆ ಬೂಟಿನೊಳಗೆ ಕೈಹಾಕಿ ನೋಡಿ, ನಿನ್ನೆ ಹಾಕಿದವರ ಒದ್ದೆ ಹಾಗೇ ಇರತ್ತೆ. ಸಾಕ್ಸ್ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಸುತ್ಕೊಂಡು ಆಮೇಲೆ ಕಾಲು ಹಾಕಿ, ನೋಡೋಕೆ ಅಸಹ್ಯ, ಕೆಲಸ ಮಾಡತ್ತೆ.

ಅತ್ತೆ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಒಳಗೆ ಥರ್ಮಲ್ ಪ್ಯಾಂಟ್, ಮೇಲೆ ಸೀರೆ ಅಂತ ಮೊದಲ ದಿನ ಹೊರಟ್ರು, ಸೀರೆ ಅಂಚು ಒಂದು ಗೇಣು ಒದ್ದೆಯಾಗಿ ಗಟ್ಟಿ ರಟ್ಟಿನ ಥರ ಆಯ್ತು, ಎರಡ್ನೇ ದಿನ ಮಗನ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು, ಫೋಟೋ ಮಾತ್ರ ತೆಗೀಬೇಡಿ ಅಂದ್ರು. ಆದ್ರೆ ಐಸ್ ಮೇಲೆ ನಡೆಯೋದ್ರಲ್ಲಿ ಅವರನ್ನ ಮೀರಿಸೋರಿಲ್ಲ. ತೀರ್ಥಹಳ್ಳಿ ಕಡೆಯವರು, ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ಅಡಿಕೆ ದಬ್ಬೆ ಮೇಲೆ ನಡೆದು ಬೆಳೆದವರು, ಚಿಕ್ಕ ಹೆಜ್ಜೆ, ಪೂರ್ತಿ ಪಾದ ಊರೋದು, ಕೈ ಜೇಬಲ್ಲಿ ಇಡದೇ ಇರೋದು, ಅವಸರ ಮಾಡದೇ ಇರೋದು. ಗುಲ್ಮರ್ಗ್ ರಸ್ತೆಲಿ ಬೆಳಗ್ಗೆ ಬಿಳಿ ಸ್ನೋ ಇರೋ ಜಾಗ ಸೇಫ್, ಕಪ್ಪಗೆ ಹೊಳೀತಿರೋ ಜಾಗನೇ ಬೀಳಿಸೋದು, ನಮ್ಮನೆಯವರು ಬಿದ್ದಿದ್ದೂ ಅಂಥ ಜಾಗದಲ್ಲೇ, ಕೈಯಲ್ಲಿ ಕಾಫಿ ಕಪ್ ಇತ್ತು ಪಾಪ.

ಮೊದಲ ದಿನ ಏನೂ ಮಾಡ್ಬೇಡಿ. ನಿಜವಾಗ್ಲೂ ಏನೂ ಬೇಡ. ಗುಲ್ಮರ್ಗ್ ಇರೋದು ಸುಮಾರು 2,650 ಮೀಟರ್ ಎತ್ತರದಲ್ಲಿ, ನಮ್ಮ ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಹತ್ರ, ಅಂದ್ರೆ ನಮ್ಮ ರಾಜ್ಯದ ತುತ್ತತುದಿಗಿಂತ 700 ಮೀಟರ್ ಮೇಲೆ ಹೋಗಿ ನೀವು ಮಲಗ್ತಿದೀರ. ತಲೆ ಸಣ್ಣಗೆ ನೋಯತ್ತೆ, ಮೆಟ್ಟಿಲು ಹತ್ತಿದ್ರೆ ಏದುಸಿರು, ಮಕ್ಕಳಿಗೆ ಊಟ ಸೇರಲ್ಲ. ಚಳಿಗೆ ಬಾಯಾರಿಕೆ ಗೊತ್ತಾಗಲ್ಲ, ಹಾಗಾಗಿ ಫ್ಲಾಸ್ಕ್‌ನಲ್ಲಿ ಬಿಸಿನೀರು ಇಟ್ಕೊಂಡು ಗಂಟೆಗೊಂದ್ಸಲ ಎಲ್ಲರಿಗೂ ಕುಡಿಸ್ತಾ ಇರಿ. ಬಿಪಿ, ಹಾರ್ಟ್, ಅಸ್ತಮಾ ಇದ್ದವರು ಹೊರಡೋ ಮುಂಚೆನೇ ಡಾಕ್ಟರ್‌ನ ಕೇಳಿ, ಇನ್‌ಹೇಲರ್ ಕೋಟಿನ ಒಳಜೇಬಲ್ಲಿರ್ಲಿ, ಲಗೇಜಲ್ಲಿ ಅಲ್ಲ. ಅಂಗಳದಲ್ಲೇ ಸ್ನೋಮ್ಯಾನ್ ಮಾಡಿ, ಸಂಜೆ ಬೇಗ ಮಲಗಿ.

ಗೊಂಡೋಲಾ. ಟಿಕೆಟ್ ಆನ್‌ಲೈನ್‌ನಲ್ಲೇ ತಗೋಬೇಕು, ಜಮ್ಮು ಕಾಶ್ಮೀರ ಕೇಬಲ್ ಕಾರ್ ಕಾರ್ಪೊರೇಷನ್ ವೆಬ್‌ಸೈಟ್‌ನಲ್ಲಿ, ಸೀಸನ್‌ನಲ್ಲಿ ಬೇಗ ಖಾಲಿಯಾಗತ್ತೆ, ಹೋಟೆಲ್ ಬುಕ್ ಮಾಡಿದ ಮೇಲೆ ಇದನ್ನ ಮರೀಬೇಡಿ. ಆರು ಜನ ಕೂರೋ ಕ್ಯಾಬಿನ್ನು, ಎರಡು ಹಂತ. ಮೊದಲ ಹಂತ 1998ರಲ್ಲಿ ಶುರುವಾಗಿದ್ದು, ಗುಲ್ಮರ್ಗ್‌ನಿಂದ ಕೊಂಗ್ಡೂರಿ ತನಕ, 3,000 ಮೀಟರ್ ದಾಟತ್ತೆ. ಎರಡ್ನೇದು 2005ರದ್ದು, ಅಫರ್ವತ್ ಬೆಟ್ಟದ ಮೇಲಕ್ಕೆ, ಹತ್ತತ್ರ 4,000 ಮೀಟರ್, ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟಷ್ಟು. ಜನ ಎಲ್ಲ ಎರಡ್ನೇ ಹಂತ, ಎರಡ್ನೇ ಹಂತ ಅಂತ ಬಾಯಿಬಿಡ್ತಾರೆ, ನನ್ನ ಅಭಿಪ್ರಾಯ ಬೇರೆ: ಅಜ್ಜಿ, ಚಿಕ್ಕ ಮಕ್ಕಳಿದ್ರೆ ಮೊದಲ ಹಂತ ಸಾಕು, ಅಲ್ಲಿ ಕೂತು ಮ್ಯಾಗಿ ತಿಂದು ಬೆಟ್ಟ ನೋಡ್ಬಹುದು. ಮೇಲೆ ಗಾಳಿ ಮುಖಕ್ಕೆ ಹೊಡೆಯತ್ತೆ, ಹದಿನೈದು ನಿಮಿಷಕ್ಕೆ ಮಗಳು ಅಳೋಕೆ ಶುರು ಮಾಡಿದ್ಲು, ದುಡ್ಡು ಕೊಟ್ಟಿದೀವಿ ಅಂತ ನಿಂತ್ಕೊಳ್ಳೋಕಾಗತ್ತಾ? ಗಾಳಿ ಜೋರಿದ್ರೆ, ಹಿಮಕುಸಿತದ ಭಯ ಇದ್ರೆ ಎರಡ್ನೇ ಹಂತ ಮುಚ್ಚಿಬಿಡ್ತಾರೆ, ಅದಕ್ಕೂ ಮನಸ್ಸು ಗಟ್ಟಿ ಮಾಡ್ಕೊಂಡಿರಿ. ಆ ಭಯ ಸುಮ್ನೆ ಅಲ್ಲ, 2024ರ ಫೆಬ್ರವರಿಲಿ ಅಲ್ಲಿ ಮೇಲೆ ಹಿಮಕುಸಿತಕ್ಕೆ ಸಿಕ್ಕಿ ಒಬ್ಬ ರಷ್ಯನ್ ಸ್ಕೀಯರ್ ಸತ್ರು. ಹಗ್ಗ ಕಟ್ಟಿದ ಕಡೆ, ಬೋರ್ಡ್ ಹಾಕಿದ ಕಡೆ ಆಚೆಗೆ ಒಂದು ಹೆಜ್ಜೆನೂ ಇಡ್ಬೇಡಿ, ಫೋಟೋಗೂ.

ದಾರಿಲಿ ಟಂಗ್‌ಮರ್ಗ್‌ನಿಂದಲೇ ಜನ ಹಿಂದೆ ಬೀಳ್ತಾರೆ, ಗೈಡ್ ಇಲ್ದೇ ಬಿಡಲ್ಲ, ಗೊಂಡೋಲಾ ಇವತ್ತು ಬಂದ್, ಟಿಕೆಟ್ ನಾನ್ ಕೊಡಿಸ್ತೀನಿ ಅಂತ. ಟಿಕೆಟ್ ಕೈಲಿದ್ರೆ ಸುಮ್ನೆ ನಕ್ಕು ಮುಂದೆ ಹೋಗಿ, ಜಗಳ ಬೇಡ. ಸ್ಲೆಡ್ಜ್‌ಗೆ, ಕುದುರೆಗೆ ಮಾತಾಡೋವಾಗ ಎಲ್ಲಿಂದ ಎಲ್ಲಿಗೆ, ಒಬ್ಬರಿಗಾ ಎಲ್ಲರಿಗೂ ಸೇರ್ಸಾ, ವಾಪಸ್ ಬರೋದೂ ಸೇರಿದೆಯಾ, ಈ ಮೂರನ್ನೂ ಬಾಯಿಬಿಟ್ಟು ಹೇಳಿಸ್ಕೊಂಡೇ ಹತ್ತಿ. ನಾವು ಹೇಳಿಸ್ಕೊಳ್ಳಲಿಲ್ಲ, ಕೊನೇಲಿ ಡಬಲ್ ಕೊಟ್ವಿ. ಹಾಗಂತ ಸಿಕ್ಕಾಪಟ್ಟೆ ಚೌಕಾಸಿನೂ ಬೇಡ, ಅರವತ್ತು ಕೇಜಿ ಮನುಷ್ಯನ್ನ ಹಿಮದಲ್ಲಿ ಏರು ಎಳೆಯೋದು ಅಂದ್ರೆ ತಮಾಷೆ ಅಲ್ಲ, ಅತ್ತೆ ಅಂತೂ ಪಾಪ ಅನ್ಸತ್ತೆ ಕಣೇ ಅಂತ ಅರ್ಧ ದಾರಿ ಇಳಿದು ನಡೆದ್ರು.

ಈಗ ಸ್ಕೀ, ಅಂದ್ರೆ ಕಾಲಿಗೆ ಉದ್ದನೆ ಪಟ್ಟಿ ಹಾಕ್ಕೊಂಡು ಹಿಮದ ಮೇಲೆ ಜಾರೋದು. ಗೊಂಡೋಲಾ ಸ್ಟೇಷನ್ ಹತ್ರನೇ ಹೊಸಬರಿಗೆ ತಗ್ಗಾದ ಸ್ಲೋಪ್ ಇದೆ, ಅಂಗಡಿಗಳಲ್ಲಿ ಸ್ಕೀ, ಬೂಟು, ಕೋಲು ಬಾಡಿಗೆಗೆ ಸಿಗತ್ತೆ. ಕೇಂದ್ರ ಸರ್ಕಾರದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟನೀರಿಂಗ್ ಅಲ್ಲೇ ಇದೆ, ದೊಡ್ಡ ಮಕ್ಕಳು ಸೀರಿಯಸ್ಸಾಗಿ ಕಲೀಬೇಕು ಅಂದ್ರೆ ಅವರ ಕೋರ್ಸ್ ನೋಡಿ. ಮೂರು ದಿನದ ಮಜಾಕ್ಕೆ ಲೋಕಲ್ ಇನ್‌ಸ್ಟ್ರಕ್ಟರ್ ಸಾಕು, ಸರ್ಟಿಫಿಕೇಟ್ ಇದೆಯಾ ಅಂತ ಕೇಳೋಕೆ ಸಂಕೋಚ ಬೇಡ. ಇಬ್ಬರು ಮಕ್ಕಳಿಗೆ ಒಬ್ಬರು, ದೊಡ್ಡವರಿಗೆ ಬೇರೆ ಒಬ್ಬರು. ಇನ್‌ಸ್ಟ್ರಕ್ಟರ್ ಯಾಕೆ, ವಿಡಿಯೋ ನೋಡಿದೀನಿ ಅಂತ ಹೋದ ನಮ್ಮನೆಯವರು ಇಪ್ಪತ್ತು ನಿಮಿಷ ಬೇಲಿ ಕಡೆಗೇ ಹೋಗ್ತಾ ಇದ್ರು.

ಬೂಟಿನಿಂದ ಶುರು ಮಾಡಿ, ಯಾಕಂದ್ರೆ ಬೂಟು ಸರಿಯಿಲ್ಲ ಅಂದ್ರೆ ಮಿಕ್ಕಿದ್ದೆಲ್ಲ ದಂಡ. ಒಂದೇ ಜೊತೆ ಸಾಕ್ಸ್ ಹಾಕಿ, ಎರಡು ಹಾಕಿದ್ರೆ ರಕ್ತ ಓಡದೇ ಕಾಲು ಇನ್ನೂ ತಣ್ಣಗಾಗತ್ತೆ. ಪ್ಯಾಂಟಿನ ಮಡಿಕೆ ಬೂಟಿನೊಳಗೆ ಸಿಕ್ಕೊಬಾರ್ದು, ಅರ್ಧ ಗಂಟೆಲಿ ಮೊಣಕಾಲ ಕೆಳಗೆ ಕೊರೆಯತ್ತೆ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಮುಟ್ಬೇಕು, ಮಂಡಿ ಬಗ್ಗಿಸಿದ್ರೆ ಬಿಟ್ಕೊಬೇಕು, ಹಿಮ್ಮಡಿ ಮೇಲೇಳಬಾರ್ದು. ಸ್ಕೀ ಉದ್ದ ಹೊಸಬರಿಗೆ ಗದ್ದದ ತನಕ ಬಂದ್ರೆ ಸಾಕು. ಇನ್ನೊಂದು ಯಾರೂ ಹೇಳಲ್ಲ: ಬೂಟು ಹಿಡ್ಕೊಳ್ಳೋ ಬೈಂಡಿಂಗ್ ಇದ್ಯಲ್ಲ, ಅದು ಬಿದ್ದಾಗ ತಾನಾಗೇ ಕಳಚ್ಕೊಬೇಕು, ಇಲ್ಲಾಂದ್ರೆ ಮಂಡಿ ತಿರುಚತ್ತೆ. ಅದನ್ನ ತೂಕಕ್ಕೆ ತಕ್ಕ ಹಾಗೆ ಸ್ಕ್ರೂ ತಿರುಗಿಸಿ ಸೆಟ್ ಮಾಡ್ತಾರೆ. ಮಗುವಿನ ತೂಕ ಹೇಳಿ, ಕಣ್ಣೆದುರೇ ಸೆಟ್ ಮಾಡಿಸಿ. ಹೆಲ್ಮೆಟ್ ಅವರಾಗಿ ಕೊಡದಿದ್ರೆ ನೀವೇ ಕೇಳಿ ತಗೊಳ್ಳಿ, ಎಲ್ಲರಿಗೂ.

ಸ್ಕೀ ಹಾಕ್ಕೊಳ್ಳೋವಾಗ ಇಳಿಜಾರಿಗೆ ಅಡ್ಡವಾಗಿ ನಿಲ್ಲಿ, ಕೆಳಮುಖ ಮಾಡಿ ನಿಂತ್ರೆ ಎರಡನೇ ಕಾಲು ಹಾಕೋ ಮುಂಚೆನೇ ಮೊದಲನೇದು ಹೊರಟಿರತ್ತೆ. ಬೂಟಿನ ಅಡಿಲಿ ಅಂಟಿದ ಸ್ನೋ ಕೆರೆದು ತೆಗೀರಿ, ಮೊದಲು ಮುಂಗಾಲು ಸಿಕ್ಕಿಸಿ, ಆಮೇಲೆ ಹಿಮ್ಮಡಿ ಒತ್ತಿ, ಟಕ್ ಅಂತ ಸದ್ದು ಬರ್ಬೇಕು. ಇಳಿಯೋ ಭಂಗಿ ಅಂದ್ರೆ ಮಂಡಿ ಸ್ವಲ್ಪ ಬಗ್ಗಿರ್ಬೇಕು, ಮಂಡಿ ಕೆಳಗಿನ ಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತಿರ್ಬೇಕು, ಕೈ ಎರಡೂ ಆರತಿ ತಟ್ಟೆ ಹಿಡ್ಕೊಂಡ ಹಾಗೆ ಮುಂದೆ. ಭಯಕ್ಕೆ ಮೈ ಹಿಂದಕ್ಕೆ ವಾಲತ್ತೆ, ಎಲ್ಲರಿಗೂ, ಹಿಂದಕ್ಕೆ ವಾಲಿದ ಕ್ಷಣ ಸ್ಕೀ ನಿಮ್ಮ ಮಾತು ಕೇಳಲ್ಲ, ಅದೇ ಓಡತ್ತೆ. ಬ್ರೇಕ್ ಹಾಕೋದನ್ನ ಮಕ್ಕಳಿಗೆ ಪಿಜ್ಜಾ ಅಂತ ಹೇಳ್ಕೊಡ್ತಾರೆ: ಮುಂದಿನ ತುದಿ ಎರಡೂ ಹತ್ರ, ಹಿಂದಿನ ತುದಿ ಅಗಲ, ಪಿಜ್ಜಾ ತುಂಡಿನ ಆಕಾರ, ಒಳ ಅಂಚು ಹಿಮಕ್ಕೆ ಒತ್ತಿ. ಎಷ್ಟು ಅಗಲ ಮಾಡ್ತೀರೋ ಅಷ್ಟು ನಿಧಾನ. ಬಲಕ್ಕೆ ತಿರುಗ್ಬೇಕಂದ್ರೆ ಎಡಗಾಲು ಒತ್ತಿ, ಎಡಕ್ಕೆ ಬಲಗಾಲು, ಇದು ತಲೆಗೆ ಹತ್ತೋಕೆ ನನಗೆ ಒಂದು ದಿನ ಹಿಡೀತು, ಮಗಳಿಗೆ ಹತ್ತು ನಿಮಿಷ. ಚಿಕ್ಕವರಿಗೆ ಕೋಲು ಕೊಡ್ಬೇಡಿ, ಕತ್ತಿ ವರಸೆ ಶುರುವಾಗತ್ತೆ.

ಬೀಳ್ತೀರಿ. ಬೀಳೋದು ಗೊತ್ತಾದ ಕೂಡ್ಲೇ ಪಕ್ಕಕ್ಕೆ, ಬೆಟ್ಟದ ಮೇಲ್ಭಾಗದ ಕಡೆಗೆ, ಸೊಂಟದ ಮೇಲೆ ಕೂತ ಹಾಗೆ ಬೀಳಿ. ಅಂಗೈ ಊರೋಕೆ ಹೋಗ್ಬೇಡಿ, ಮಣಿಕಟ್ಟು ಹೋಗತ್ತೆ. ಏಳೋವಾಗ ಎರಡೂ ಸ್ಕೀ ನಿಮ್ಮ ಕೆಳಗಡೆಗೆ ತಂದು ಇಳಿಜಾರಿಗೆ ಅಡ್ಡ ಇಟ್ಕೊಂಡು ಆಮೇಲೆ ಏಳಿ, ಆಗ್ದಿದ್ರೆ ಒಂದು ಸ್ಕೀ ಬಿಚ್ಚಿ ಏಳಿ, ಮರ್ಯಾದೆ ಏನೂ ಹೋಗಲ್ಲ, ಅಲ್ಲಿ ಎಲ್ಲರೂ ಬಿದ್ದಿರ್ತಾರೆ. ಬೆಳಗ್ಗೆ ಒಂದೂವರೆ ಗಂಟೆ, ಮಧ್ಯಾಹ್ನ ಒಂದು ಗಂಟೆ, ಮಕ್ಕಳಿಗೆ ಅಷ್ಟೇ ಸಾಕು, ಇನ್ನೊಂದು ರೌಂಡ್ ಇನ್ನೊಂದು ರೌಂಡ್ ಅಂತ ಸುಸ್ತಾದ ಮೇಲೇ ಪೆಟ್ಟಾಗೋದು. ಇಳಿಯೋಕೆ ಮನಸ್ಸಿಲ್ಲದ ಮಗನಿಗೆ ನಾನು ಹೇಳಿದ್ದು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಕತೆ, ಹಿಮನೇ ಬೀಳದ ನಮ್ಮ ಕರ್ನಾಟಕದಿಂದ ಹೋಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಇದೇ ಗುಲ್ಮರ್ಗ್‌ನಲ್ಲಿ ಚಿನ್ನ ಗೆದ್ದವರು. ಕೇಳಿ ಎರಡು ಸಲ ಇಳಿದ, ಆಮೇಲೆ ಹಸಿವು ಅಂದ.

ಮುಖಕ್ಕೆ ಸನ್‌ಸ್ಕ್ರೀನ್, ತುಟಿಗೆ ವ್ಯಾಸಲೀನ್, ಕಣ್ಣಿಗೆ ಕಪ್ಪು ಕನ್ನಡಕ ಮೂರೂ ಕಡ್ಡಾಯ, ಹಿಮದ ಮೇಲಿಂದ ಬಿಸಿಲು ವಾಪಸ್ ಹೊಡೆದು ಮೂಗಿನ ಕೆಳಭಾಗ ಕೂಡ ಸುಡತ್ತೆ, ನಂಬಿ. ಫೋನ್ ಬ್ಯಾಟರಿ ಚಳಿಗೆ ದಿಢೀರ್ ಸಾಯತ್ತೆ, ಮೈಗೆ ತಾಗೋ ಜೇಬಲ್ಲಿ ಇಟ್ಕೊಳ್ಳಿ.

ಊಟಕ್ಕೆ ಭಯ ಬೇಡ. ಕಾಶ್ಮೀರದವರು ನಮ್ಮ ಹಾಗೇ ಅನ್ನ ತಿನ್ನೋ ಜನ, ಅವರ ಭಾಷೇಲಿ ಅನ್ನಕ್ಕೆ ಬತ್ತ ಅಂತಾರೆ, ಅತ್ತೆಗೆ ಇದು ಕೇಳಿ ಸಿಕ್ಕಾಪಟ್ಟೆ ಖುಷಿ. ರಾಜ್ಮಾ ಅನ್ನ, ಹಾಕ್ ಅನ್ನೋ ಸೊಪ್ಪು, ತಾವರೆ ದಂಟಿನ ನದ್ರು ಯಖ್ನಿ, ಸಸ್ಯಾಹಾರಿಗಳಿಗೆ ಬೇಕಾದಷ್ಟಿದೆ. ಮಾಂಸ ತಿನ್ನೋರು ಶ್ರೀನಗರಕ್ಕೆ ಇಳಿದ ಮೇಲೆ ಬೆಳಗ್ಗೆ ಬೇಗ ಎದ್ದು ಹರೀಸಾ ತಿನ್ನಿ, ಚಳಿಗಾಲದಲ್ಲಿ ಮಾತ್ರ ಮಾಡೋದು. ಕೇಸರಿ ಬಾದಾಮಿ ಹಾಕಿದ ಕಹ್ವಾ ಎಲ್ಲರಿಗೂ ಹಿಡಿಸತ್ತೆ, ಗುಲಾಬಿ ಬಣ್ಣದ ನೂನ್ ಚಾಯ್ ಮಾತ್ರ ಉಪ್ಪು, ಮಕ್ಕಳಿಗೆ ಮೊದಲೇ ಹೇಳಿ ಕೊಡಿ. ಆದ್ರೂ ಮೂರನೇ ದಿನಕ್ಕೆ ನಾಲಿಗೆ ನಮ್ಮದೇ ಕೇಳತ್ತೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಬಿಸಿನೀರು ಹಾಕಿದ್ರೆ ಆಗೋ ಉಪ್ಪಿಟ್ಟು ಪ್ಯಾಕೆಟ್, ಜೊತೆಗೆ ಒಂದು ಎಲೆಕ್ಟ್ರಿಕ್ ಕೆಟಲ್. ರಾತ್ರಿ ಹೊರಗೆ ಹಿಮ ಬೀಳ್ತಾ ಇರೋವಾಗ ಕಂಬಳಿ ಸುತ್ಕೊಂಡು ತಿಂದ ಪುಳಿಯೋಗರೆ ಬಗ್ಗೆ ಮನೇಲಿ ಇನ್ನೂ ಮಾತಾಡ್ತಾರೆ, ಗೊಂಡೋಲಾ ಬಗ್ಗೆ ಅಷ್ಟಿಲ್ಲ.

ವಾಪಸ್ ಬರೋವಾಗ ಶ್ರೀನಗರ ಏರ್‌ಪೋರ್ಟ್‌ಗೆ ಮೂರು ಗಂಟೆ ಮುಂಚೆ ತಲುಪಿ. ಟರ್ಮಿನಲ್‌ಗೆ ಮುಂಚೆನೇ ಗೇಟ್ ಹತ್ರ ಎಲ್ಲರನ್ನೂ ಗಾಡಿಯಿಂದ ಇಳಿಸಿ, ಅಷ್ಟೂ ಲಗೇಜ್ ಇಳಿಸಿ ಸ್ಕ್ಯಾನ್ ಮಾಡ್ತಾರೆ, ಮತ್ತೆ ಹತ್ತಿಸ್ಕೊಂಡು ಹೋಗಿ ಒಳಗೆ ಇನ್ನೊಂದ್ಸಲ. ಒದ್ದೆ ಬಟ್ಟೆನ ಹಿಂದಿನ ರಾತ್ರಿ ಶ್ರೀನಗರದ ಹೋಟೆಲ್‌ನ ಹೀಟರ್ ಹತ್ರ ಒಣಹಾಕ್ಬಿಡಿ, ಹೋಗೋವಾಗ 15 ಕೇಜಿ ಇದ್ದ ಬ್ಯಾಗ್ ನಮ್ಮದು ಬರೋವಾಗ 18 ಆಗಿತ್ತು, ಕೌಂಟರ್ ಮುಂದೆ ಎಲ್ಲರೂ ಎರಡೆರಡು ಜ್ಯಾಕೆಟ್ ಹಾಕ್ಕೊಂಡು ನಿಂತ್ವಿ, ಬೆಂಗಳೂರಲ್ಲಿ ಇಳಿಯೋ ತನಕ ಬಿಚ್ಚೋಕೂ ಜಾಗ ಇರ್ಲಿಲ್ಲ.